ಇಂದಿನ ಧಮ್ಮ ಚಿಂತನೆ: ಬಾಬಾಸಾಹೇಬರ ಫೀಸು ಕಟ್ಟಿದವರು ಯಾರು?



ಕಾಲೇಜು ಸೇರುವ ದಿನಗಳು ಬಂದಿವೆ. ಮಕ್ಕಳ ಅಂಕಪಟ್ಟಿಯನ್ನು ನಾವೆಲ್ಲ ಈ ಗುಂಪಿನಲ್ಲಿ ಸಂತೋಷದಿಂದ ಹಂಚಿಕೊಳ್ಳುತ್ತೇವೆ, ಅಭಿನಂದನೆ ಹೇಳುತ್ತೇವೆ. ಫೀಸಿನ ಮಾತು ಮಾತ್ರ ಇಲ್ಲಿ ಬರುವುದಿಲ್ಲ. ಅದು ರಾತ್ರಿ ಫೋನಿನಲ್ಲಿ, ತಗ್ಗಿದ ದನಿಯಲ್ಲಿ ಬರುತ್ತದೆ. ಮಗಳ ಓದಿಗೆ ಕೈ ಚಾಚಬೇಕಾಯಿತಲ್ಲ ಎಂಬ ಸಂಕೋಚ. ಆ ಸಂಕೋಚ ಕಂಡಾಗಲೆಲ್ಲ ನನಗೆ ಒಂದು ವಿಷಯ ಮನಸ್ಸಿಗೆ ಬರುತ್ತದೆ. ಬಾಬಾಸಾಹೇಬರ ಪದವಿಗಳನ್ನು ನಮ್ಮ ಮಕ್ಕಳು ಬಾಯಿಪಾಠ ಹೇಳುತ್ತಾರೆ: ಬಿ.ಎ., ಎಂ.ಎ., ಎಂ.ಎಸ್ಸಿ., ಪಿಎಚ್.ಡಿ., ಡಿ.ಎಸ್ಸಿ., ಬಾರ್-ಅಟ್-ಲಾ. ಈ ಒಂದೊಂದಕ್ಕೂ ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮಲ್ಲೇ ಬಹಳ ಮಂದಿ ಬರೋಡದ ಮಹಾರಾಜರ ಹೆಸರು ಹೇಳಿ ನಿಲ್ಲಿಸುತ್ತಾರೆ. ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಇವತ್ತು ಆ ಲೆಕ್ಕವನ್ನೇ ನೋಡೋಣ.

ಲೆಕ್ಕ ಶುರುವಾಗುವುದು ಸಾತಾರಾದಲ್ಲಿ, ಅರ್ಧ ಆಣೆಯಿಂದ. ತಾಯಿ ಭೀಮಾಬಾಯಿ ತೀರಿಕೊಂಡಿದ್ದರು. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಸೋದರತ್ತೆ. ಹುಡುಗ ಭೀಮನಿಗೆ ಓದಿನಲ್ಲಿ ಅಷ್ಟೇನೂ ಆಸೆ ಇರಲಿಲ್ಲ. ಮುಂಬಯಿಗೆ ಓಡಿಹೋಗಿ ಬಟ್ಟೆ ಗಿರಣಿಯಲ್ಲಿ ಕೆಲಸ ಹಿಡಿಯಬೇಕೆಂದು ಮನಸ್ಸು. ರೈಲಿಗೆ ದುಡ್ಡು ಬೇಕು. ಅತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗುತ್ತಿದ್ದ ಚೀಲವನ್ನು ಕದಿಯಲು ಮೂರು ರಾತ್ರಿ ಹೊಂಚು ಹಾಕಿದ. ನಾಲ್ಕನೆಯ ರಾತ್ರಿ ಚೀಲ ಕೈಗೆ ಸಿಕ್ಕಿತು. ಒಳಗಿದ್ದದ್ದು ಅರ್ಧ ಆಣೆ. ಅದರಲ್ಲಿ ಮುಂಬಯಿ ತಲುಪುವ ಮಾತೇ ಇಲ್ಲ. ನಾಚಿಕೆಯಿಂದ ಆ ಹುಡುಗ ಅಂದು ಮಾಡಿದ ನಿರ್ಧಾರವೇ ಚೆನ್ನಾಗಿ ಓದಿ ಬೇಗ ಸ್ವಂತ ಕಾಲಮೇಲೆ ನಿಲ್ಲಬೇಕು ಎನ್ನುವುದು. ಅತ್ತೆಯ ಚೀಲದಲ್ಲಿ ಐದು ರೂಪಾಯಿ ಇದ್ದಿದ್ದರೆ ನಮ್ಮೆಲ್ಲರ ಗತಿ ಏನಾಗುತ್ತಿತ್ತೋ ಎಂದು ನಾನು ಒಮ್ಮೊಮ್ಮೆ ಯೋಚಿಸುತ್ತೇನೆ.

ಮುಂದೆ ಕುಟುಂಬ ಮುಂಬಯಿಗೆ ಬಂದು ಪರೇಲಿನ ಡಬಕ್ ಚಾಳಿನ ಒಂದೇ ಕೋಣೆಯಲ್ಲಿ ನೆಲೆಸಿತು. ತಂದೆ ರಾಮಜಿ ಸಕ್ಪಾಲರು ಸೇನೆಯಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಮನೆಯೆಲ್ಲ ನಡೆಯಬೇಕಾದದ್ದು ಅವರ ಪಿಂಚಣಿಯಲ್ಲಿ. ಆ ಕೋಣೆಯಲ್ಲೇ ಅಡಿಗೆ, ಅಲ್ಲೇ ಸೌದೆ, ಅಲ್ಲೇ ನಿದ್ದೆ. ಎಲ್ಲರೂ ಒಟ್ಟಿಗೆ ಮಲಗಿದರೆ ಓದಲು ಜಾಗವಿಲ್ಲ. ಅದಕ್ಕೆ ರಾಮಜಿ ಮಗನನ್ನು ಬೇಗ ಮಲಗಿಸಿ, ತಾವು ಬೆಳಗಿನ ಜಾವ ಎರಡು ಗಂಟೆಯವರೆಗೆ ಎದ್ದು ಕೂತಿದ್ದು, ಆಮೇಲೆ ಮಗನನ್ನು ಎಬ್ಬಿಸಿ ಅವನು ಮಲಗಿದ್ದ ಜಾಗದಲ್ಲಿ ತಾವು ಮಲಗುತ್ತಿದ್ದರು. ಎಣ್ಣೆ ದೀಪದ ಬೆಳಕಿನಲ್ಲಿ ಆ ಹುಡುಗನ ಓದು.

ಆ ಹುಡುಗನಿಗೆ ಪಠ್ಯಪುಸ್ತಕವಲ್ಲದ ಬೇರೆ ಪುಸ್ತಕಗಳ ಹುಚ್ಚೂ ಹಿಡಿದಿತ್ತು. ಪುಸ್ತಕ ಬೇಕೆಂದರೆ ರಾಮಜಿ ಇಲ್ಲ ಎನ್ನುತ್ತಿರಲಿಲ್ಲ. ಕೈಯಲ್ಲಿ ಕಾಸಿಲ್ಲದಿದ್ದರೆ ಮದುವೆಯಾಗಿ ಹೋಗಿದ್ದ ಕಿರಿಮಗಳ ಮನೆಗೆ ನಡೆದುಹೋಗಿ ಸಾಲ ಕೇಳುತ್ತಿದ್ದರು. ಅಲ್ಲಿ ಇಲ್ಲವೆಂದರೆ ಹಿರಿಮಗಳ ಮನೆಗೆ. ಆಕೆ ಮೈಮೇಲಿನ ಒಡವೆ ಬಿಚ್ಚಿ ಕೊಡುತ್ತಿದ್ದಳು. ಅದನ್ನು ಮಾರ್ವಾಡಿಯ ಹತ್ತಿರ ಅಡವಿಟ್ಟು ಪುಸ್ತಕ ತರುತ್ತಿದ್ದರು, ಪಿಂಚಣಿ ಬಂದ ದಿನ ಬಿಡಿಸಿ ಮಗಳಿಗೆ ಮುಟ್ಟಿಸುತ್ತಿದ್ದರು. ತಮ್ಮನ ಪುಸ್ತಕಕ್ಕಾಗಿ ಅಂಗಡಿಗೂ ಮನೆಗೂ ತಿರುಗಿದ ಈ ಒಡವೆಗಳ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ಆ ಅಕ್ಕಂದಿರ ಹೆಸರು ತುಳಸಿ, ಮಂಜುಳಾ. ಜಯಂತಿಯ ಭಾಷಣಗಳಲ್ಲಿ ಈ ಎರಡು ಹೆಸರು ಕೇಳಿಬರುವುದು ಅಪರೂಪ.

ಶಾಲೆಯ ದಿನಗಳಲ್ಲೇ ಇನ್ನೊಬ್ಬರ ಪರಿಚಯವಾಯಿತು. ವಿಲ್ಸನ್ ಹೈಸ್ಕೂಲಿನ ಶಿಕ್ಷಕ, ಮರಾಠಿ ಲೇಖಕ ಕೃಷ್ಣಾಜಿ ಅರ್ಜುನ ಕೇಳುಸ್ಕರ್. ಚರ್ನಿ ರಸ್ತೆಯ ಉದ್ಯಾನದಲ್ಲಿ ಸಂಜೆ ಪುಸ್ತಕ ಹಿಡಿದು ಕೂರುತ್ತಿದ್ದ ಹುಡುಗನನ್ನು ಅವರು ಗಮನಿಸಿದರು, ಮಾತಾಡಿಸಿದರು, ಓದಲು ಪುಸ್ತಕ ಕೊಡತೊಡಗಿದರು. ಭೀಮರಾವ್ ಪರೀಕ್ಷೆ ಪಾಸಾದಾಗ ಸಮುದಾಯದವರು ಒಂದು ಸಭೆ ಮಾಡಬೇಕೆಂದರು. ಹುಡುಗನ ತಲೆಗೇರುತ್ತದೆ, ಬೇಡ ಎಂದರು ರಾಮಜಿ. ಕೊನೆಗೆ ಅವರನ್ನು ಒಪ್ಪಿಸಿದವರು ಕೇಳುಸ್ಕರರೇ. ಆ ಸಭೆಯಲ್ಲಿ ಅವರು ತಾವು ಬರೆದ ಬುದ್ಧ ಚರಿತ್ರೆಯನ್ನು ಹುಡುಗನ ಕೈಗಿತ್ತರು. ಜೀವನಚರಿತ್ರೆಗಳು ಇದು ಮೆಟ್ರಿಕ್ ಪಾಸಾದಾಗ ನಡೆದದ್ದು ಎನ್ನುತ್ತವೆ. ಬಾಬಾಸಾಹೇಬರು ತಾವೇ ಬರೆದಿರುವಂತೆ ಅದು ಇಂಗ್ಲಿಷ್ ನಾಲ್ಕನೆಯ ತರಗತಿ ಪಾಸಾದಾಗ. ಯಾವುದಾದರೂ ಇರಲಿ, ಆ ಪುಸ್ತಕದ ಹಿಂದೆ ಇನ್ನೊಂದು ಸಂಗತಿ ಇದೆ: ಕೇಳುಸ್ಕರರು ಅದನ್ನು ಬರೆದದ್ದು ಬರೋಡದ ಸಯಾಜಿರಾವ್ ಹೆಸರಿನ ಗ್ರಂಥಮಾಲೆಗೆ. ಬರೋಡದಿಂದ ವಿದ್ಯಾರ್ಥಿವೇತನ ಬರುವ ಮೊದಲೇ ಬರೋಡದ ಗ್ರಂಥಮಾಲೆಯ ಬುದ್ಧ ಆ ಚಾಳಿನ ಕೋಣೆಗೆ ಬಂದಿದ್ದ.

1908ರಲ್ಲಿ ಭೀಮರಾವ್ ಎಲ್ಫಿನ್‌ಸ್ಟನ್ ಕಾಲೇಜು ಸೇರಿದರು. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಲು ಬಿಟ್ಟಿರಲಿಲ್ಲ, ಹಾಗಾಗಿ ಪರ್ಷಿಯನ್ ತೆಗೆದುಕೊಂಡಿದ್ದರು. ಕಾಲೇಜಿನ ಹೋಟೆಲಿನವನು ಚಹಾ ಇರಲಿ, ನೀರೂ ಕೊಡುತ್ತಿರಲಿಲ್ಲ. ಇಂಟರ್ ಮುಗಿಯುವ ಹೊತ್ತಿಗೆ ರಾಮಜಿಯವರ ಕೈ ಪೂರ್ತಿ ಬರಿದಾಯಿತು. ಓದು ನಿಲ್ಲುವುದರಲ್ಲಿತ್ತು. ಆಗ ಕೇಳುಸ್ಕರರು ಹುಡುಗನನ್ನು ಕರೆದುಕೊಂಡು ಹೋಗಿ ಸಯಾಜಿರಾವ್ ಗಾಯಕವಾಡರ ಮುಂದೆ ನಿಲ್ಲಿಸಿದರು. ಅಸ್ಪೃಶ್ಯರಲ್ಲಿ ಯೋಗ್ಯರಾದವರ ಉನ್ನತ ಶಿಕ್ಷಣಕ್ಕೆ ನೆರವು ಕೊಡುವುದಾಗಿ ಮಹಾರಾಜರು ಅದಕ್ಕೆ ಸ್ವಲ್ಪ ಮೊದಲು ಮುಂಬಯಿಯ ಸಭೆಯೊಂದರಲ್ಲಿ ಹೇಳಿದ್ದರು. ಹೇಳಿದ ಮಾತನ್ನು ಹಿಡಿದು ಬಾಗಿಲು ತಟ್ಟುವವನೊಬ್ಬ ಬೇಕಲ್ಲ, ಅದು ಕೇಳುಸ್ಕರರು ಮಾಡಿದ ಕೆಲಸ. ಮಹಾರಾಜರು ಕೆಲವು ಪ್ರಶ್ನೆ ಕೇಳಿದರು, ಉತ್ತರ ಮೆಚ್ಚಿದರು, ತಿಂಗಳಿಗೆ 25 ರೂಪಾಯಿ ಮಂಜೂರು ಮಾಡಿದರು. ಕಾಲೇಜಿನ ಪ್ರೊಫೆಸರ್ ಮುಲ್ಲರ್ ಪುಸ್ತಕ ಕೊಟ್ಟರು, ಬಟ್ಟೆಯನ್ನೂ ಕೊಟ್ಟರು. ಬಿ.ಎ. ಮುಗಿಯಿತು.

1913ರ ಜನವರಿಯಲ್ಲಿ ಬರೋಡದ ಸೇವೆಗೆ ಸೇರಿದರು. ಕೆಲವೇ ದಿನಗಳಲ್ಲಿ ತಂದೆಗೆ ಕಾಯಿಲೆ ಎಂದು ತಂತಿ ಬಂತು. ಹೊರಟ ಮಗ ದಾರಿಯಲ್ಲಿ ಸೂರತ್ ನಿಲ್ದಾಣದಲ್ಲಿ ತಂದೆಗೆಂದು ಸಿಹಿ ಕೊಳ್ಳಲು ಇಳಿದು ರೈಲು ತಪ್ಪಿಸಿಕೊಂಡರು. ಮನೆ ಸೇರಿದಾಗ ರಾಮಜಿಯವರಿಗೆ ಕೊನೆಯ ಉಸಿರು. ಫೆಬ್ರವರಿ 2ರಂದು ತೀರಿಕೊಂಡರು. ಮಗನ ಪುಸ್ತಕಗಳಿಗಾಗಿ ಹೆಣ್ಣುಮಕ್ಕಳ ಮನೆ ಬಾಗಿಲಿಗೆ ನಡೆದ ಆ ಮನುಷ್ಯ ಮಗನ ಹೊರದೇಶದ ಪದವಿಗಳಲ್ಲಿ ಒಂದನ್ನೂ ಕಾಣಲಿಲ್ಲ.

ಅದೇ ವರ್ಷ ಜೂನ್ 4ರಂದು ಬರೋಡದಲ್ಲಿ ಒಂದು ಕರಾರುಪತ್ರಕ್ಕೆ ಸಹಿ ಬಿತ್ತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ತಿಂಗಳಿಗೆ 11.5 ಪೌಂಡು, ಮೂರು ವರ್ಷ. ಓದಿ ಬಂದ ಮೇಲೆ ಬರೋಡ ಸಂಸ್ಥಾನಕ್ಕೆ 10 ವರ್ಷ ಸೇವೆ. ಇದನ್ನು ಸರಿಯಾಗಿ ಗಮನಿಸಬೇಕು. ದಾನ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇದು ಕೊಟ್ಟು ಪಡೆಯುವ ಒಪ್ಪಂದ. ಪಡೆದವರು ತಮ್ಮ ಬದುಕಿನ 10 ವರ್ಷವನ್ನೇ ಮುಂಗಡವಾಗಿ ಬರೆದುಕೊಟ್ಟಿದ್ದರು.

ನ್ಯೂಯಾರ್ಕಿನಲ್ಲಿ ಆ ಹಣದಲ್ಲೇ ಊಟ, ಅದರಲ್ಲೇ ಮನೆಗೆ ಒಂದಿಷ್ಟು, ಉಳಿದದ್ದರಲ್ಲಿ ಹಳೆಯ ಪುಸ್ತಕಗಳ ಅಂಗಡಿ. ಸಿನಿಮಾ ಇಲ್ಲ, ತಿರುಗಾಟ ಇಲ್ಲ. ಹೊಟ್ಟೆಯಿಂದ ಉಳಿಸಿ ಸುಮಾರು 2000 ಹಳೆಯ ಪುಸ್ತಕ ಕೊಂಡರು. 1915ರಲ್ಲಿ ಎಂ.ಎ. ಆಯಿತು. 1916ರ ಹೊತ್ತಿಗೆ ಪಿಎಚ್.ಡಿ. ಪ್ರಬಂಧವೂ ಸಿದ್ಧವಾಯಿತು. ಆದರೆ ಪ್ರಬಂಧವನ್ನು ಮುದ್ರಿಸಿ ಪ್ರತಿಗಳನ್ನು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರೆ ಮಾತ್ರ ಪದವಿ. ಮುದ್ರಿಸಲು ದುಡ್ಡಿಲ್ಲ. ಪುಸ್ತಕ ಅಚ್ಚಾದದ್ದು 1925ರಲ್ಲಿ, ಪದವಿ ಕೈಗೆ ಬಂದದ್ದು 1927ರಲ್ಲಿ. ಅಲ್ಲೇ ಲಿವಿಂಗ್‌ಸ್ಟನ್ ಹಾಲ್ ಎಂಬ ವಸತಿಗೃಹದಲ್ಲಿ ಒಬ್ಬ ಪಾರ್ಸಿ ಗೆಳೆಯ ಸಿಕ್ಕಿದ, ನವಲ್ ಭಾತೇನಾ. ಈ ಹೆಸರು ನೆನಪಿಟ್ಟುಕೊಳ್ಳಿ.

1916ರಲ್ಲಿ ಲಂಡನ್ನಿಗೆ ಬಂದು ಅರ್ಥಶಾಸ್ತ್ರಕ್ಕೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಕಾನೂನಿಗೆ ಗ್ರೇಸ್ ಇನ್, ಎರಡನ್ನೂ ಸೇರಿದರು. ವರ್ಷ ತುಂಬುವಷ್ಟರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು, ಬರೋಡದಿಂದ ಕರೆ ಬಂತು. ನಾಲ್ಕು ವರ್ಷದೊಳಗೆ ಮರಳಿ ಬಂದು ಓದು ಮುಂದುವರಿಸಬಹುದು ಎಂಬ ಅನುಮತಿ ಪಡೆದು ಊರಿಗೆ ಹೊರಟರು. ಮೊದಲ ಮಹಾಯುದ್ಧದ ಕಾಲ. ಸಾಮಾನು ಬೇರೆ ಹಡಗಿನಲ್ಲಿ ಬರುತ್ತಿತ್ತು, ಅದು ಮುಳುಗಿತು. ಪುಸ್ತಕಗಳೂ ಹೋದವು. ನಷ್ಟಕ್ಕೆ ಪರಿಹಾರವಾಗಿ ಥಾಮಸ್ ಕುಕ್ ಕಂಪನಿ 600 ರೂಪಾಯಿ ಕೊಟ್ಟಿತು. ಆ ಹಣವೇ ಬರೋಡಕ್ಕೆ ಹೋಗುವ ಖರ್ಚಾಯಿತು. ಕರಾರಿನಂತೆ ಸಾಲ ತೀರಿಸಲು ಹೋಗುವವನಿಗೆ ದಾರಿ ಖರ್ಚು ಕೊಟ್ಟದ್ದು ಮುಳುಗಿದ ಪುಸ್ತಕಗಳು.

ಬರೋಡದಲ್ಲಿ ಏನಾಯಿತು ಎಂಬುದು ನಿಮಗೆಲ್ಲ ಗೊತ್ತು. ಹಿಂದೂ ಹೋಟೆಲುಗಳಲ್ಲಿ ಜಾಗ ಸಿಗುವುದಿಲ್ಲವೆಂದು ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಇದ್ದರು. ಮಹಡಿಯ ಮೇಲೆ ಕತ್ತಲೆ ಕೋಣೆ, ಮುರಿದ ಸಾಮಾನು, ಬಾವಲಿಗಳು. ಕಚೇರಿಯಲ್ಲಿ ಜವಾನರು ಕಡತಗಳನ್ನು ದೂರದಿಂದ ಎಸೆಯುತ್ತಿದ್ದರು. 11ನೆಯ ದಿನ ಪಾರ್ಸಿಗಳು ದೊಣ್ಣೆ ಹಿಡಿದು ಬಂದು ಹೊರಹಾಕಿದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರ ಮನೆಯಲ್ಲೂ ಆಸರೆ ಸಿಗಲಿಲ್ಲ. ಕಮಾಠಿ ಬಾಗಿನಲ್ಲಿ ಕೂತು, ರಾತ್ರಿ ಒಂಬತ್ತರ ರೈಲಿಗೆ ಮುಂಬಯಿಗೆ ಮರಳಿದರು.

ಈ ಘಟನೆಯನ್ನು ನಾವು ಅವಮಾನದ ಕಥೆಯಾಗಿ ಓದುತ್ತೇವೆ. ಸಾಲದ ಕಥೆಯಾಗಿಯೂ ಓದಬೇಕು. ಅನಾಥಪಿಂಡಿಕನಿಗೆ ಭಗವಾನ್ ಬುದ್ಧರು ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದ ಸುತ್ತವನ್ನು ನಾವು ಓದಿದ್ದೇವೆ. ಅದರಲ್ಲಿ ಒಂದು ಋಣವಿಲ್ಲದ ಸುಖ. ಬಾಬಾಸಾಹೇಬರು ಆ ಸುಖವನ್ನೇ ಹುಡುಕಿಕೊಂಡು ಬರೋಡಕ್ಕೆ ಹೋಗಿದ್ದರು. 10 ವರ್ಷ ದುಡಿಯಲು ಸಿದ್ಧರಾಗಿ ಹೋಗಿದ್ದರು. ಓದಿಸಲು ಅರಮನೆ ಇತ್ತು, ಸಾಲ ತೀರಿಸಲು ಊರಿನಲ್ಲಿ ಒಂದು ಬಾಡಿಗೆ ಕೋಣೆ ಇರಲಿಲ್ಲ. ಜಾತಿ ಬಡತನವನ್ನು ಮಾತ್ರ ಕೊಡುವುದಿಲ್ಲ, ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಅವಕಾಶವನ್ನೂ ಕಿತ್ತುಕೊಳ್ಳುತ್ತದೆ. ಸಯಾಜಿರಾಯರ ಮೇಲಿನ ಗೌರವಕ್ಕೆ ಇದರಿಂದ ಕುಂದಿಲ್ಲ. ಆದರೆ ರಾಜನೊಬ್ಬ ಒಳ್ಳೆಯವನಾದರೆ ಸಾಲದು ಎಂಬುದೂ ಅಲ್ಲಿಯೇ ತಿಳಿಯಿತು.

ಮುಂಬಯಿಯಲ್ಲಿ ಇಬ್ಬರು ಹುಡುಗರಿಗೆ ಪಾಠ ಹೇಳಿದರು. ಷೇರು ವ್ಯವಹಾರಕ್ಕೆ ಸಲಹೆ ಕೊಡುವ ಕಚೇರಿ ತೆರೆದರು, ಜಾತಿ ತಿಳಿದ ಮೇಲೆ ಜನ ಬರಲಿಲ್ಲ. 1918ರ ನವೆಂಬರಿನಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ತಿಂಗಳಿಗೆ 450 ರೂಪಾಯಿಯ ಪ್ರೊಫೆಸರ್ ಕೆಲಸ ಸಿಕ್ಕಿತು. ಅಲ್ಲೂ ಪ್ರೊಫೆಸರುಗಳ ನೀರಿನ ಕೊಡ ಮುಟ್ಟಬಾರದೆಂದು ಆಕ್ಷೇಪ ಎತ್ತಿದವರಿದ್ದರು. ಆ ಕಾಲಕ್ಕೆ 450 ದೊಡ್ಡ ಸಂಬಳ. ಬೇರೆಯವರಾದರೆ ಮನೆ ಬದಲಿಸುತ್ತಿದ್ದರು. ಇವರು ಪರೇಲಿನ ಚಾಳಿನಲ್ಲೇ ಉಳಿದು, ಮನೆ ಖರ್ಚಿಗೆ ಇಷ್ಟೇ ಎಂದು ರಮಾಬಾಯಿಯವರ ಕೈಗಿಟ್ಟು, ಮಿಕ್ಕದ್ದನ್ನು ಲಂಡನ್ನಿಗೆಂದು ಕೂಡಿಟ್ಟರು. ಅನುಮತಿಯ ನಾಲ್ಕು ವರ್ಷ ಕರಗುತ್ತಿತ್ತು.

ಇಲ್ಲಿ ರಮಾಬಾಯಿಯವರ ಬಗ್ಗೆ ಹೇಳದೆ ಮುಂದೆ ಹೋಗುವುದು ತಪ್ಪಾಗುತ್ತದೆ. ಪತಿ ಹೊರದೇಶದಲ್ಲಿದ್ದಾಗ ಮನೆ ನಡೆದದ್ದು ಆಕೆಯ ಹಸಿವಿನ ಮೇಲೆ. ಪತಿ ಊರಲ್ಲಿದ್ದು ಸಂಬಳ ತರುತ್ತಿದ್ದಾಗಲೂ ಮನೆ ನಡೆದದ್ದು ಆಕೆಯ ಮಿತವ್ಯಯದ ಮೇಲೆ. ಹೆತ್ತ ಐವರಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು, ಉಳಿದವರು ಯಶವಂತ ಒಬ್ಬರೇ. ವಿದ್ಯಾರ್ಥಿವೇತನದಲ್ಲಿ ಮಹಾರಾಜರ ಪಾಲೆಷ್ಟು ಎಂದು ರೂಪಾಯಿಯಲ್ಲಿ ಹೇಳಬಹುದು. ರಮಾಬಾಯಿಯವರ ಪಾಲನ್ನು ಯಾವ ನಾಣ್ಯದಲ್ಲಿ ಹೇಳುವುದು?

1920ರ ಮಾರ್ಚಿನಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಉಳಿತಾಯ ಸಾಲಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. ಗೆಳೆಯ ನವಲ್ ಭಾತೇನಾ 5000 ರೂಪಾಯಿ ಸಾಲ ಕೊಟ್ಟರು. ಬರೋಡದಲ್ಲಿ ದೊಣ್ಣೆ ಹಿಡಿದು ಬಂದವರೂ ಪಾರ್ಸಿಗಳು, ಇಲ್ಲಿ ಹಣ ಕೊಟ್ಟವರೂ ಪಾರ್ಸಿ. ಜುಲೈನಲ್ಲಿ ಹಡಗು ಹತ್ತಿದರು.

ಲಂಡನ್ನಿನ ಆ ದಿನಗಳು ನ್ಯೂಯಾರ್ಕಿಗಿಂತ ಕಷ್ಟದವು. ಬೆಳಿಗ್ಗೆ ವಸತಿಯಲ್ಲಿ ಒಂದು ತುಂಡು ಬ್ರೆಡ್ಡು, ಚಹಾ. ಆಮೇಲೆ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯ, ಮುಚ್ಚುವವರೆಗೆ. ಮಧ್ಯಾಹ್ನದ ಊಟವಿಲ್ಲ. ಬಸ್ಸಿನ ದುಡ್ಡು ಉಳಿಸಲು ನಡಿಗೆ. ರಾತ್ರಿ ಹತ್ತಕ್ಕೆ ಹಸಿವು ತಡೆಯದಾದಾಗ, ಪರಿಚಯದವರೊಬ್ಬರು ಕೊಟ್ಟಿದ್ದ ಕಟ್ಟಿನಿಂದ ನಾಲ್ಕು ಹಪ್ಪಳ ತೆಗೆದು ತಗಡಿನ ತಟ್ಟೆಯ ಮೇಲೆ ಸುಟ್ಟು ತಿನ್ನುತ್ತಿದ್ದರು. ಆ ಹಪ್ಪಳದ ಬಲದಲ್ಲಿ ಮತ್ತೆ ಬೆಳಗಿನ ಜಾವದವರೆಗೆ ಓದು. ಹಣ ಮುಗಿದಾಗ ಮತ್ತೆ ನವಲರಿಗೇ ಪತ್ರ, ತೊಂದರೆ ಕೊಡುತ್ತಿದ್ದೇನೆಂಬ ನೋವಿನೊಂದಿಗೆ. ಅಷ್ಟು ದೊಡ್ಡ ಮನುಷ್ಯನಿಗೂ ಸಾಲ ಕೇಳುವಾಗ ಸಂಕೋಚವಾಗುತ್ತಿತ್ತು ಎಂಬುದು ನನಗೇನೋ ಸಮಾಧಾನ ಕೊಡುತ್ತದೆ.

1921ರಲ್ಲಿ ಎಂ.ಎಸ್ಸಿ. ಆಯಿತು, 1922ರಲ್ಲಿ ಬ್ಯಾರಿಸ್ಟರ್ ಆದರು. ಅದೇ ವರ್ಷ ಮೇ 6ರಂದು ಶಾಹು ಮಹಾರಾಜರು ತೀರಿಕೊಂಡರು. ರೂಪಾಯಿಯ ಸಮಸ್ಯೆ ಕುರಿತ ಡಿ.ಎಸ್ಸಿ. ಪ್ರಬಂಧವನ್ನು ತಿದ್ದಿ ಕೊಡಬೇಕೆಂದು ಪರೀಕ್ಷಕರು ಹೇಳಿದಾಗ ಲಂಡನ್ನಿನಲ್ಲಿ ಉಳಿಯಲು ಕೈಯಲ್ಲಿ ಕಾಸಿರಲಿಲ್ಲ. 1923ರ ಏಪ್ರಿಲಿನಲ್ಲಿ ಮುಂಬಯಿಗೆ ಮರಳಿ, ಇಲ್ಲಿಂದಲೇ ತಿದ್ದಿ ಕಳಿಸಿದರು. ವಕೀಲಿ ಮಾಡಲು ಸನ್ನದು ಪಡೆಯುವ ಶುಲ್ಕಕ್ಕೂ ಹಣವಿಲ್ಲದೆ ಮತ್ತೆ ಕೈ ಹಿಡಿದವರು ನವಲ್ ಭಾತೇನಾ. ವರ್ಷದ ಕೊನೆಗೆ ಡಿ.ಎಸ್ಸಿ. ಬಂತು.

ಈಗ ಅವರು ತೀರಿಸಿದ ಬಗೆ ನೋಡಿ. 1923ರಲ್ಲಿ ಅಚ್ಚಾದ ರೂಪಾಯಿಯ ಗ್ರಂಥವನ್ನು ತಂದೆತಾಯಿಗೆ ಅರ್ಪಿಸಿ, ತಮ್ಮ ಓದಿಗಾಗಿ ಅವರು ಮಾಡಿದ ತ್ಯಾಗವನ್ನು ನೆನೆದರು. 1925ರ ಕೊಲಂಬಿಯಾ ಪ್ರಬಂಧವನ್ನು ಸಯಾಜಿರಾವ್ ಗಾಯಕವಾಡರಿಗೆ ಅರ್ಪಿಸಿ, ಶಿಕ್ಷಣಕ್ಕೆ ಸಿಕ್ಕ ನೆರವನ್ನು ಮರೆಯದೆ ಬರೆದರು. ಬರೋಡ ಅವರನ್ನು ಹೊರಹಾಕಿ ಎಂಟು ವರ್ಷವಾಗಿತ್ತು, ಆ ಸಿಟ್ಟಿಗಾಗಿ ಈ ಪುಟವನ್ನು ಖಾಲಿ ಬಿಡಲಿಲ್ಲ. ರಮಾಬಾಯಿಯವರು 1935ರಲ್ಲಿ ಹೋದರು. 1940ರಲ್ಲಿ ಪಾಕಿಸ್ತಾನದ ಪ್ರಶ್ನೆ ಕುರಿತ ಗ್ರಂಥ ಬಂದಾಗ ಅದನ್ನು ರಾಮುವಿನ ನೆನಪಿಗೆ ಅರ್ಪಿಸಿ, ಗೆಳೆಯರಿಲ್ಲದ, ಕೊರತೆಯ ದಿನಗಳಲ್ಲಿ ಆಕೆ ತಮ್ಮೊಡನೆ ಕಷ್ಟ ಹೊತ್ತದ್ದನ್ನು ದಾಖಲಿಸಿದರು. ಮೂರು ಅರ್ಪಣೆಗಳು, ಮೂರು ರಸೀದಿಗಳು.

ಇನ್ನುಳಿದ ಸಾಲವನ್ನು ಕೊಟ್ಟವರಿಗೆ ಹಿಂದಿರುಗಿಸಲಿಲ್ಲ, ಮುಂದಿನವರಿಗೆ ಕೊಟ್ಟರು. 1925ರಲ್ಲಿ ಸೋಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆಯಿತು. ಮುಂದೆ ಪನ್ವೇಲ್, ಠಾಣೆ, ನಾಸಿಕ್, ಪುಣೆಗಳ ಜೊತೆಗೆ ನಮ್ಮ ಧಾರವಾಡದಲ್ಲೂ ಒಂದು. ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಉನ್ನತ ಓದಿಗೆ ಸರ್ಕಾರದಿಂದ 3 ಲಕ್ಷ ರೂಪಾಯಿ ಮಂಜೂರು ಮಾಡಿಸಿದರು. ಇಂದು ನಮ್ಮ ಮಕ್ಕಳು ಅರ್ಜಿ ಹಾಕುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಬೇರು ಅಲ್ಲಿದೆ. ಅದು ತಡವಾಗಿ ಬಂದಾಗ ಕಚೇರಿಗೆ ಹೋಗಿ ಕೇಳುವುದಕ್ಕೆ ಯಾರೂ ನಾಚಬೇಕಿಲ್ಲ. ಅದು ಒಬ್ಬ ರಾಜನ ಮನಸ್ಸಿನಿಂದ ಬಂದದ್ದಲ್ಲ, ಹಕ್ಕಾಗಿ ಕೇಳಿ ಪಡೆದದ್ದು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನಲ್ಲಿ ಮಿಲಿಂದ ಹೆಸರಿನ ಕಾಲೇಜು. ದೀಕ್ಷೆಗೆ ಹತ್ತು ವರ್ಷ ಮೊದಲೇ ಕಾಲೇಜಿಗೆ ಸಿದ್ಧಾರ್ಥನ ಹೆಸರು ಬಂದಿತ್ತು.

ಕೇಳುಸ್ಕರರ ಋಣ ಮಾತ್ರ ಕೊನೆಯವರೆಗೂ ಉಳಿದಿತ್ತು. ಅವರು 1934ರಲ್ಲೇ ತೀರಿಕೊಂಡಿದ್ದರು. 1956ರಲ್ಲಿ ಬುದ್ಧ ಮತ್ತು ಆತನ ಧಮ್ಮ ಗ್ರಂಥಕ್ಕೆ ಬಾಬಾಸಾಹೇಬರು ಮುನ್ನುಡಿ ಬರೆದರು. ಆ ಸಭೆ, ತಂದೆಯ ನಿರಾಕರಣೆ, ದಾದಾ ಕೇಳುಸ್ಕರರು ಕೊಟ್ಟ ಪುಸ್ತಕ, ಎಲ್ಲವನ್ನೂ ಅದರಲ್ಲಿ ಹೇಳಿದರು. ಆಗಲೂ ದುಡ್ಡಿನ ತೊಡಕು ಬಿಡಲಿಲ್ಲ. ಮುದ್ರಣಕ್ಕೆ ಸುಮಾರು 20,000 ರೂಪಾಯಿ ಬೇಕು, ಅದು ತಮ್ಮ ಶಕ್ತಿಗೆ ಮೀರಿದ್ದು, ಸರ್ಕಾರ 500 ಪ್ರತಿ ಕೊಳ್ಳಲಿ ಎಂದು ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಅವರಿಗೆ ಬರೆದರು. ಆಗುವುದಿಲ್ಲ ಎಂಬ ಉತ್ತರ ಬಂತು. ಡಿಸೆಂಬರ್ 6ರಂದು ಅವರ ಮಹಾಪರಿನಿಬ್ಬಾಣ. ಗ್ರಂಥ ಹೊರಬಂದದ್ದು 1957ರಲ್ಲಿ. ಆ ಮೊದಲ ಮುದ್ರಣದಲ್ಲಿ ಈ ಮುನ್ನುಡಿ ಸೇರಲಿಲ್ಲ. ಹಾಗಾಗಿ ಕೇಳುಸ್ಕರರ ಹೆಸರೂ ಅದರಲ್ಲಿ ಬರಲಿಲ್ಲ.

ನಿಮ್ಮ ಮನೆಯ ಪ್ರತಿಯಲ್ಲಿ ಆ ಮುನ್ನುಡಿ ಇದೆಯೇ ಎಂದು ಇಂದು ಸಂಜೆ ತೆರೆದು ನೋಡಿ. ಇಲ್ಲದಿದ್ದರೆ ತಿಳಿಸಿ, ಭಾನುವಾರದ ವಂದನೆಗೆ ಬರುವಾಗ ಅದರ ಜೆರಾಕ್ಸ್ ಪ್ರತಿಗಳನ್ನು ತರುತ್ತೇವೆ. ಕಾಲೇಜಿಗೆ ಸೇರುತ್ತಿರುವ ಮಕ್ಕಳನ್ನೂ ಕರೆತನ್ನಿ, ಫೀಸಿನ ವಿವರ ಒಂದು ಚೀಟಿಯಲ್ಲಿ ಬರೆದು ತರಲಿ.

ಭವತು ಸಬ್ಬ ಮಂಗಳಂ. ಜೈಭೀಮ್.